ಖಾಲಿ ಪೆಟ್ಟಿಗೆಯ ಮುಂದೆ ಕೂತ ಇನ್ನಾಸಮ್ಮ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ನಮ್ಮ ಯೇಸುಸ್ವಾಮಿಯ ಗುಡಿಗೆ ಹೆಂಚು ಬರುವುದಕ್ಕೂ ಮುಂಚೆ, ಹೊಳೆಗೆ ಸೇತುವೆ ಬರುವುದಕ್ಕೂ ಮುಂಚೆ, ಒಂದು ಊರಿತ್ತು. ಯಾವ ಊರು ತಾತ ಎಂದು ಕಣ್ಣು ಬಿಡಬೇಡಿ. ಇದೇ ಊರು. ನೀವು ಕೂತಿರುವ ಈ ಜಗಲಿ ಆಗ ಇರಲಿಲ್ಲ, ನಾನೂ ಇರಲಿಲ್ಲ, ನನ್ನ ತಾತನೂ ಇರಲಿಲ್ಲವಂತೆ. ಆದರೆ ಇನ್ನಾಸಮ್ಮ ಇದ್ದಳು.

ಇನ್ನಾಸಮ್ಮ ಸಂತಳು ಎಂದು ಹೇಳುವವರಿದ್ದಾರೆ. ಪಕ್ಕದ ಊರಿನವರು ಬಂದರೆ ನಮ್ಮವರು ಹಾಗೇ ಹೇಳಿ ಕಳಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವಳು ಬಾಯಿಬಡುಕಿ. ಬಾವಿಕಟ್ಟೆಯ ಹತ್ತಿರ ಅವಳ ದನಿ ಎದ್ದರೆ ಹೊಲದಲ್ಲಿ ಇದ್ದವರಿಗೆ ಇವತ್ತು ಯಾರ ಸರದಿ ಎಂದು ಗೊತ್ತಾಗುತ್ತಿತ್ತಂತೆ. ಅವಳ ಗಂಡ ಯಾಗಪ್ಪ ಮಾತಿಲ್ಲದ ಮನುಷ್ಯ. ಆ ಮನೆಗೆ ದೇವರು ಕೊಟ್ಟ ಎರಡು ಬಾಯಿಯನ್ನೂ ಅವಳೇ ತೆಗೆದುಕೊಂಡಳು ಎಂದು ಊರು ನಗುತ್ತಿತ್ತು. ಮಕ್ಕಳಿರಲಿಲ್ಲ. ಒಂದು ತುಂಡು ಹೊಲ, ಅದರ ಬದುವಿನ ಉದ್ದಕ್ಕೂ ಹರಳು ಗಿಡ. ಹರಳನ್ನು ಹುರಿದು, ಒರಳಿನಲ್ಲಿ ಕುಟ್ಟಿ, ದೊಡ್ಡ ಮಡಕೆಯಲ್ಲಿ ನೀರು ಹಾಕಿ ಕುದಿಸಿ, ಮೇಲೆ ತೇಲಿ ಬಂದ ಎಣ್ಣೆಯನ್ನು ತೆಂಗಿನ ಚಿಪ್ಪಿನಲ್ಲಿ ಬಳಿದು ತೆಗೆಯುವುದು ಅವಳ ಕೆಲಸ. ಊರಿನ ಹಸುಗೂಸುಗಳ ನೆತ್ತಿಗೆಲ್ಲಾ ಅವಳದೇ ಎಣ್ಣೆ. ನೆತ್ತಿಗೆ ಒತ್ತುತ್ತಾ ಒತ್ತುತ್ತಾ ಕೂಸಿನ ಅಜ್ಜಿಯನ್ನು ಬೈಯುವುದು ಬೇರೆ.

ಇಂಥವಳಿಗೆ ಒಂದು ಕೊರಗಿತ್ತು. ಮಕ್ಕಳಿಲ್ಲ ಎಂಬ ಕೊರಗು ಎಂದು ಊರು ತಿಳಿದಿತ್ತು. ಅದಲ್ಲ. ದೇವರು ಅವಳ ಹತ್ತಿರ ಬರುತ್ತಿರಲಿಲ್ಲ. ಭಾನುವಾರ ಗುಡಿಗೆ ಹೋಗುತ್ತಿದ್ದಳು, ಜಪಸರ ಹಿಡಿಯುತ್ತಿದ್ದಳು, ಎಲ್ಲರ ಜೊತೆ ಪರಲೋಕಮಂತ್ರ ಹೇಳುತ್ತಿದ್ದಳು. ನಾಲಿಗೆ ಹೇಳುತ್ತಿತ್ತು, ತಲೆಯೊಳಗೆ ಕೋಳಿ ಓಡಾಡುತ್ತಿತ್ತು. ಪಕ್ಕದಲ್ಲಿ ಕೂತವರು ಕಣ್ಣು ಮುಚ್ಚಿ ತೂಗುತ್ತಿದ್ದರೆ ಇವಳಿಗೆ ಹೊಟ್ಟೆಕಿಚ್ಚು. ಅವರಿಗೆ ಏನೋ ಸಿಕ್ಕಿದೆ, ತನಗೆ ಸಿಕ್ಕಿಲ್ಲ ಎಂದು. ಅವರಿಗೆ ಸಿಕ್ಕಿದ್ದು ನಿದ್ದೆಯೇ ಇರಬಹುದು, ಆದರೆ ಅದು ಅವಳಿಗೆ ಹೇಗೆ ಗೊತ್ತಾಗಬೇಕು.

ಆಗ ನಮ್ಮೂರಿಗೆ ಸ್ವಾಮಿಗಳು ಇರಲಿಲ್ಲ. ಎರಡು ದಿನದ ದಾರಿ, ದಾರಿಯ ಮೊದಲಲ್ಲೇ ಹೊಳೆ, ಹೊಳೆಯ ಆಚೆ ಧರ್ಮಕೇಂದ್ರದ ದೊಡ್ಡ ಗುಡಿ. ಅಲ್ಲಿಂದ ಒಬ್ಬರು ಸ್ವಾಮಿಗಳು ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದು ಸಲ ಬರುತ್ತಿದ್ದರು. ಎದೆಯ ತನಕ ಗಡ್ಡ ಇದ್ದದ್ದರಿಂದ ಗಡ್ಡದ ಸ್ವಾಮಿ ಎನ್ನುತ್ತಿದ್ದರು. ಬಂದರೆ ಮೂರು ದಿನ ಇದ್ದು, ಪೂಜೆ ಕೊಟ್ಟು, ಪಾಪನಿವೇದನೆ ಕೇಳಿ, ಮದುವೆ ನಾಮಕರಣ ಮುಗಿಸಿ ಹೋಗುವರು. ಅವರಿಲ್ಲದಾಗ ಭಾನುವಾರದ ಜಪ ನಡೆಸುತ್ತಿದ್ದದ್ದು ಉಪದೇಶಿ ತೋಮಪ್ಪ. ಒಳ್ಳೆಯ ಮನುಷ್ಯ, ಸ್ವಲ್ಪ ಪುಕ್ಕಲು.

ಒಂದು ಸಲ ಪಾಪನಿವೇದನೆಗೆ ಹೋದ ಇನ್ನಾಸಮ್ಮ, ಯಾರು ಯಾರನ್ನು ಬೈದೆ ಎಂದು ಹೇಳಿ ಮುಗಿಸಿ, ಎದ್ದು ಹೋಗದೆ ಅಲ್ಲೇ ಕೂತಳಂತೆ. ಇನ್ನೇನಮ್ಮ ಎಂದು ಸ್ವಾಮಿಗಳು ಕೇಳಿದರು. ಆಗ ಅವಳು ಹೇಳಿದ್ದನ್ನು ಅವಳೇ ಆಮೇಲೆ ಊರಿಗೆಲ್ಲಾ ಹೇಳಿಕೊಂಡು ತಿರುಗಿದಳು, ಹಾಗಾಗಿ ನಮಗೆ ಗೊತ್ತು.

"ಸಾಮಿ, ಪಕ್ಕದ ಮನೇಲಿ ಮಾತಾಡದು ಗ್ವಾಡೆ ಆಚೆಯಿಂದ ಕೇಳ್ತದಲ್ಲ, ಹಂಗೆ ನಂಗೆ ದ್ಯಾವ್ರು. ಅವ್ನೆ ಅಂತ ಗೊತ್ತಾಯ್ತದೆ. ಏನಂತಾನೆ ಅಂತ ತಿಳಿಯಾಕಿಲ್ಲ. ನಂಗೆ ಗ್ವಾಡೆ ಈಚೆಗೆ ಬರ್ಬೇಕು ಅವ್ನು."

ಗಡ್ಡದ ಸ್ವಾಮಿ ಪ್ರಾಯಶ್ಚಿತ್ತ ಕೊಟ್ಟರು. ಜಪ ಹೆಚ್ಚು ಹೇಳು ಎನ್ನಲಿಲ್ಲ, ಉಪವಾಸ ಮಾಡು ಎನ್ನಲಿಲ್ಲ. ಗುಡಿಯ ದೀಪಕ್ಕೆ ಎಣ್ಣೆ ತಂದು ಹಾಕು, ಹಾಕಿ ಅದರ ಮುಂದೆ ಕೂತುಕೋ, ದೀಪ ಉರಿಯುತ್ತಿದ್ದರೆ ಅವನು ಒಳಗಿದ್ದಾನೆ ಎಂದು ಅರ್ಥ, ಅಷ್ಟೇ ಮಾಡು ಎಂದರು.

ಯಾವ ದೀಪ ಎಂದು ಗೊತ್ತಲ್ಲ? ಬಲಿಪೀಠದ ಹಿಂದಿನ ಗೋಡೆಯಲ್ಲಿ ಹಲಸಿನ ಮರದ ಚಿಕ್ಕ ಪೆಟ್ಟಿಗೆ ಇತ್ತು. ಪೂಜೆಯಲ್ಲಿ ಹಂಚಿ ಉಳಿದ ಪರಮ ಪ್ರಸಾದದ ರೊಟ್ಟಿಯನ್ನು ಅದರೊಳಗೆ ಇಡುತ್ತಿದ್ದರು. ಪ್ರಸಾದ ಒಳಗಿದೆ ಎಂದರೆ ಯೇಸುಸ್ವಾಮಿಯೇ ಒಳಗಿದ್ದಾನೆ. ಅದಕ್ಕೇ ಅದರ ಮುಂದೆ ಸರಪಳಿಯಲ್ಲಿ ತೂಗುವ ಎಣ್ಣೆ ದೀಪ. ಸ್ವಾಮಿಗಳು ಊರು ಬಿಡುವಾಗ ಉಳಿದ ಪ್ರಸಾದವನ್ನು ತಾವೇ ಸೇವಿಸಿ, ಪೆಟ್ಟಿಗೆ ಖಾಲಿ ಮಾಡಿ, ಬಾಗಿಲು ತೆರೆದಿಟ್ಟು, ದೀಪ ಆರಿಸಬೇಕು. ಅದು ನಿಯಮ. ಸ್ವಾಮಿಗಳಿಗೆ ಗೊತ್ತು, ಉಪದೇಶಿಗೆ ಗೊತ್ತು. ಹೊಲ ಗೇಯುವ ನಮ್ಮ ಜನಕ್ಕೆ ಯಾರು ಹೇಳಿದ್ದರು?

ಮೂರು ದಿನ ಇನ್ನಾಸಮ್ಮ ದೀಪಕ್ಕೆ ಎಣ್ಣೆ ಹಾಕಿದಳು, ಕೂತಳು. ನಾಲ್ಕನೆಯ ದಿನ ಬೆಳಿಗ್ಗೆ ಹೊಳೆ ಆಚೆಯಿಂದ ಜನ ಓಡಿ ಬಂದರು, ಅಲ್ಲಿ ಒಬ್ಬರಿಗೆ ಕೊನೆಯ ಗಳಿಗೆ ಎಂದು. ಗಡ್ಡದ ಸ್ವಾಮಿ ಅವಸರದಲ್ಲಿ ಪ್ರಸಾದ ಸೇವಿಸಿ, ಪೆಟ್ಟಿಗೆಯ ಬಾಗಿಲನ್ನು ಅಭ್ಯಾಸಬಲದಿಂದ ಮುಚ್ಚಿ, ದೀಪ ಆರಿಸಿಬಿಡು ಎಂದು ತೋಮಪ್ಪನಿಗೆ ಹೇಳಿ ಹೊರಟೇಬಿಟ್ಟರು. ತೋಮಪ್ಪ ಅವರ ಗಂಟು ಹೊತ್ತು ಹೊಳೆಯ ತನಕ ಹೋದ. ವಾಪಸು ಬಂದಾಗ ಮಧ್ಯಾಹ್ನ. ದೀಪ ಆರಿಸೋಣ ಎಂದು ಗುಡಿಯೊಳಗೆ ಕಾಲಿಟ್ಟರೆ ಇನ್ನಾಸಮ್ಮ ಆಗಲೇ ಎಣ್ಣೆ ಹಾಕಿ ಮುಂದೆ ಕೂತಿದ್ದಾಳೆ. ಸುಮ್ಮನೆ ಕೂತಿದ್ದಾಳೆ. ಆ ಬಾಯಿ ಮುಚ್ಚಿದ್ದನ್ನು ತೋಮಪ್ಪ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳ ಮುಖ ನೋಡಿ ಅವನಿಗೆ ನಾಲಿಗೆ ಏಳಲಿಲ್ಲ. ನಾಳೆ ಹೇಳೋಣ ಎಂದುಕೊಂಡು ಮನೆಗೆ ಹೋದ.

ನಾಳೆ ನಾಡಿದ್ದಾಯಿತು, ನಾಡಿದ್ದು ತಿಂಗಳಾಯಿತು. ಏಳು ವರ್ಷ ಆಯಿತು ಎನ್ನುತ್ತಾರೆ. ನಮ್ಮ ಅಜ್ಜಿ ಒಂಬತ್ತು ಎನ್ನುತ್ತಿದ್ದಳು. ನಾನು ಏಳು ಎಂದೇ ಹೇಳುತ್ತೇನೆ, ಏಳೇ ಸಾಕು, ಒಂದು ಸುಳ್ಳನ್ನು ಹೊತ್ತುಕೊಂಡು ತಿರುಗುವುದಕ್ಕೆ. ಗಡ್ಡದ ಸ್ವಾಮಿ ಬಂದಾಗಲೆಲ್ಲ ದೀಪ ಉರಿಯುತ್ತಿತ್ತು. ತಾನು ಬರುವ ಸುದ್ದಿ ಕೇಳಿ ಹಚ್ಚಿದ್ದಾರೆ ಎಂದು ಅವರು ಖುಷಿ ಪಡುತ್ತಿದ್ದರು. ಹೋಗುವಾಗ ಆರಿಸು ಎನ್ನುತ್ತಿದ್ದರು. ಆಗಲಿ ಸ್ವಾಮಿ ಎಂದು ತೋಮಪ್ಪ ತಲೆ ಆಡಿಸುತ್ತಿದ್ದ. ಅವರು ತೆರೆದಿಟ್ಟು ಹೋದ ಪೆಟ್ಟಿಗೆಯ ಬಾಗಿಲನ್ನು ಅವನೇ ಮೆಲ್ಲಗೆ ಮುಚ್ಚುತ್ತಿದ್ದ.

ದೀಪ ಉರಿಯುತ್ತಿದೆ, ಅಂದರೆ ಅವನು ಇದ್ದಾನೆ. ಇನ್ನಾಸಮ್ಮ ಊರಿಗೆಲ್ಲಾ ಸಾರಿದಳು. ಊರು ನಂಬಿತು. ಸೌದೆ ಹೊತ್ತು ಬರುವವರು ಗುಡಿಯ ಬಾಗಿಲ ಮುಂದೆ ಹೊರೆ ಇಳಿಸಿ, ಮಂಡಿಯೂರಿ, ಮತ್ತೆ ಹೊರೆ ಎತ್ತಿಕೊಂಡು ಹೋಗುತ್ತಿದ್ದರು. ಜಗಳ ಆಡುವವರು ಗುಡಿಯ ಬೀದಿ ದಾಟಿ ಹೋಗಿ ಆಡುತ್ತಿದ್ದರು. ಇದೆಲ್ಲ ಖಾಲಿ ಪೆಟ್ಟಿಗೆಗೆ ನಡೆದ ಮರ್ಯಾದೆ. ತೋಮಪ್ಪ ಒಬ್ಬನಿಗೆ ಗೊತ್ತು. ಅವನು ಬಡಕಲಾದ ಎನ್ನುತ್ತಾರೆ.

ಇನ್ನಾಸಮ್ಮ ಮಾತ್ರ ದಿನಾ ಮಧ್ಯಾಹ್ನ ಒಲೆ ಆರಿಸಿ ಬಂದು ಕೂರುವಳು. ಮೊದಲ ವರ್ಷ ಅವಳ ತಲೆಯೊಳಗೆ ಕೋಳಿಯೇ ಓಡಾಡಿದವಂತೆ. ಆಮೇಲೆ ಕೋಳಿಗಳು ಒಂದೊಂದಾಗಿ ಮಲಗಿದವು. ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ಮನೆಯ ಒಂದೇ ಒಂದು ಎಮ್ಮೆ ಸತ್ತ ದಿನ, ಎಣ್ಣೆ ತಂದವಳು ಹಾಕುವುದನ್ನೂ ಮರೆತು ಅಲ್ಲೇ ಕುಸಿದು ಅತ್ತಳಂತೆ. ಅತ್ತು ಅತ್ತು ಸುಮ್ಮನಾದಾಗ ಗೊತ್ತಾಯಿತಂತೆ, ಗೋಡೆ ಇಲ್ಲ. ಅವನು ಈಚೆಗೆ ಬಂದಿದ್ದಾನೆ, ಪಕ್ಕದಲ್ಲಿ ಕೂತಿದ್ದಾನೆ, ಏನೂ ಹೇಳುತ್ತಿಲ್ಲ, ಎದ್ದೂ ಹೋಗುತ್ತಿಲ್ಲ. ಅವತ್ತಿನಿಂದ ಅವನು ದಿನಾ ಬರುತ್ತಿದ್ದ.

ಇಲ್ಲಿ ಜನ ಏನೇನೋ ಸೇರಿಸುತ್ತಾರೆ. ಅವಳ ಎಣ್ಣೆ ಕುಡಿಕೆ ಬರಿದಾಗಲೇ ಇಲ್ಲ ಎನ್ನುತ್ತಾರೆ. ಗಾಳಿಮಳೆಗೆ ಗುಡಿಯ ಹುಲ್ಲಿನ ಮಾಡು ಹಾರಿಹೋದಾಗಲೂ ದೀಪ ಅಲುಗಲಿಲ್ಲ ಎನ್ನುತ್ತಾರೆ. ಚೇಳು ಕಡಿದವರಿಗೆ ಆ ದೀಪದ ಎಣ್ಣೆ ಹಚ್ಚಿದರೆ ಉರಿ ಇಳಿಯಿತು ಎನ್ನುತ್ತಾರೆ. ಇರಬಹುದು, ನಾನು ನೋಡಿಲ್ಲ. ಅವಳ ಬಾಯಿ ಮೆತ್ತಗಾಯಿತು ಎಂದೂ ಹೇಳುತ್ತಾರೆ. ಅದನ್ನು ಮಾತ್ರ ನಂಬಬೇಡಿ. ಬಾಯಿ ಹಾಗೇ ಇತ್ತು. ಬೈದ ಸಂಜೆ ಅವರ ಮನೆಗೆ ಹೋಗಿ ಕೂಸಿನ ನೆತ್ತಿಗೆ ಎಣ್ಣೆ ಒತ್ತಿ ಬರುವುದು ಹೊಸದಾಗಿ ಶುರುವಾಗಿತ್ತು, ಅಷ್ಟೇ.

ಗಡ್ಡದ ಸ್ವಾಮಿ ತೀರಿಕೊಂಡರು. ಹೊಸಬರು ಬಂದರು. ಕನ್ನಡಕ ಹಾಕುತ್ತಿದ್ದರು, ನಮ್ಮ ಕಡೆ ಅದುವರೆಗೂ ಯಾರೂ ಕನ್ನಡಕ ಕಂಡಿರಲಿಲ್ಲ, ಹಾಗಾಗಿ ಕನ್ನಡಕದ ಸ್ವಾಮಿ. ಬಹಳ ಓದಿದವರು, ಚಿಕ್ಕ ವಯಸ್ಸು, ಎಲ್ಲದರಲ್ಲೂ ಕಟ್ಟುನಿಟ್ಟು. ಅವರು ಹೇಳಿ ಕಳಿಸದೆಯೇ ಒಂದು ಮಧ್ಯಾಹ್ನ ನಮ್ಮೂರಿಗೆ ಬಂದುಬಿಟ್ಟರು.

ಬಂದವರು ಗುಡಿಗೆ ಹೋದರು. ನೋಡಿದರೆ ದೀಪ ಉರಿಯುತ್ತಿದೆ. ಒಬ್ಬಳು ಹೆಂಗಸು ಪೆಟ್ಟಿಗೆಯ ಮುಂದೆ ನೆಲದಲ್ಲಿ ಕೂತಿದ್ದಾಳೆ. ಬಾಗಿಲಲ್ಲಿ ಇಬ್ಬರು ಮಂಡಿಯೂರಿದ್ದಾರೆ. ಸ್ವಾಮಿಗಳು ಬಂದು ಹೋಗಿ ಮೂರು ತಿಂಗಳ ಮೇಲಾಗಿದೆ, ಪ್ರಸಾದ ಎಲ್ಲಿಂದ ಬಂತು? ತೋಮಪ್ಪನನ್ನು ಕರೆಸಿದರು. ಅವನು ಬಂದು ಕಂಬಕ್ಕೆ ಒರಗಿ ನಿಂತ. ಕೇಳಿದ್ದಕ್ಕೆಲ್ಲಾ ನಿಜ ಹೇಳಿದ, ಏಳು ವರ್ಷದ್ದೂ ಹೇಳಿದ.

ಕನ್ನಡಕದ ಸ್ವಾಮಿಗೆ ಮೈಯೆಲ್ಲ ಬೆಂಕಿಯಾಯಿತು. ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ಇಲ್ಲದ ಪ್ರಸಾದಕ್ಕೆ ಊರಿಗೆ ಊರೇ ಅಡ್ಡಬೀಳುತ್ತಿದ್ದರೆ ಯಾವ ಗುರುವಾದರೂ ಸುಮ್ಮನಿರಬೇಕೇ? ಆದರೆ ಸಿಟ್ಟಿನಲ್ಲಿ ಅವರು ಒಂದು ಕೆಲಸ ಮಾಡಿದರು. ನೇರವಾಗಿ ಹೋಗಿ ಪೆಟ್ಟಿಗೆಯ ಬಾಗಿಲು ತೆಗೆದು, ಇನ್ನಾಸಮ್ಮನನ್ನು ಕರೆದು, ಒಳಗೆ ಏನಿದೆ ನೋಡು ಎಂದರು. ಅವಳು ನೋಡಿದಳು. ಮಡಿಸಿಟ್ಟ ಒಂದು ಬಿಳಿ ಬಟ್ಟೆ. ಮೂಲೆಯಲ್ಲಿ ಜೇಡರ ಬಲೆ. ಏಳು ವರ್ಷವೂ ಇಷ್ಟೇ ಇದ್ದದ್ದು, ನೀವು ಬರಿ ಮರಕ್ಕೆ ಕೈ ಮುಗಿದಿರಿ ಎಂದು ಸ್ವಾಮಿಗಳು ದೀಪವನ್ನು ಊದಿ ಆರಿಸಿದರು.

ಇನ್ನಾಸಮ್ಮ ಏನೂ ಅನ್ನಲಿಲ್ಲ. ಎದ್ದು ಮನೆಗೆ ಹೋದಳು. ಅವಳು ಜಗಳಕ್ಕೆ ಬರುತ್ತಾಳೆ ಎಂದು ಕಾದ ಊರಿಗೆ ಅದೇ ದೊಡ್ಡ ಆಶ್ಚರ್ಯ. ಮರುದಿನವೂ ಸುಮ್ಮನಿದ್ದಳು. ಹರಳು ಹುರಿಯಲಿಲ್ಲ, ಬಾವಿಗೆ ಬರಲಿಲ್ಲ, ಕೂಸು ಎತ್ತಿಕೊಂಡು ಬಂದವರಿಗೆ ಬಾಗಿಲು ತೆಗೆಯಲಿಲ್ಲ. ಹೀಗೆ ಎಂಟು ದಿನ. ಒಂಬತ್ತನೆಯ ದಿನ ಯಾಗಪ್ಪ ತೋಮಪ್ಪನ ಮನೆಗೆ ಹೋದ. ಆ ಮನುಷ್ಯ ತಾನಾಗಿ ಇನ್ನೊಬ್ಬರ ಮನೆಗೆ ಹೋಗಿ ಮಾತಾಡಿದ್ದು ಅದೊಂದೇ ಸಲವಂತೆ.

"ತೋಮಣ್ಣ, ಅವ್ಳು ಸುಮ್ಕವ್ಳೆ. ನಂಗೆ ಭಯ ಆಯ್ತದೆ" ಎಂದ.

ತೋಮಪ್ಪ ಬಂದ. ಹೊಸ್ತಿಲಲ್ಲೇ ನಿಂತು, ನನ್ನದು ತಪ್ಪಾಯಿತು ತಾಯಿ, ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ ಎಂದು ಅತ್ತ. ಇನ್ನಾಸಮ್ಮ ಅವನನ್ನು ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಪೆಟ್ಟಿಗೆ ಖಾಲಿ ಇತ್ತು ಸರಿ ಉಪದೇಸಿಗಳೆ. ನನ್ ಜೊತೇಲಿ ಕುಂತಿದ್ದೋರು ಯಾರು?"

ಕೇಳಿ, ಇದೇ ಅವಳನ್ನು ತಿನ್ನುತ್ತಿದ್ದದ್ದು. ಜನ ನಗುತ್ತಾರೆ ಎಂದಲ್ಲ, ಸ್ವಾಮಿಗಳು ಬೈದರು ಎಂದಲ್ಲ. ಎಮ್ಮೆ ಸತ್ತ ದಿನ ಬಂದು ಕೂತವನು ಅವನೇ ಹೌದಾದರೆ ಅವಳ ಬಾಳು ಬಾಳು. ಅಲ್ಲ, ಅದು ಅವಳ ತಲೆಯೊಳಗಿನ ಇನ್ನೊಂದು ಕೋಳಿ ಎಂದಾದರೆ, ಅವಳಿಗೆ ಯಾರೂ ಯಾವತ್ತೂ ಹತ್ತಿರ ಬಂದೇ ಇಲ್ಲ. ನನಗೆ ಗೊತ್ತಿಲ್ಲ ತಾಯಿ ಎಂದ ತೋಮಪ್ಪ. ಏಳು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಮೊದಲ ನಿಜ ಅದು.

ಹಾಗಾದರೆ ನಾನೇ ಹೋಗಿ ನೋಡುತ್ತೇನೆ ಎಂದಳು ಇನ್ನಾಸಮ್ಮ. ಹೊಳೆಯ ಆಚೆ ದೊಡ್ಡ ಗುಡಿಯಲ್ಲಿ ಸ್ವಾಮಿಗಳು ಯಾವಾಗಲೂ ಇರುತ್ತಾರೆ, ದಿನಾ ಪೂಜೆ ನಡೆಯುತ್ತದೆ, ಅಲ್ಲಿಯ ಪೆಟ್ಟಿಗೆ ಖಾಲಿಯಾಗುವುದೇ ಇಲ್ಲ. ಅಲ್ಲಿ ನಿಜವಾಗಿ ಅವನಿದ್ದಾನೆ. ಅವನ ಮುಂದೆ ಹೋಗಿ ಕೂರುತ್ತೇನೆ, ನನ್ನ ಜೊತೆ ಕೂತವನು ಅವನೇ ಆಗಿದ್ದರೆ ನನಗೆ ಗುರುತು ಸಿಗುತ್ತದೆ. ಯಾರೋ ಬೇರೆಯವನ ಹಾಗೆ ಕಂಡರೆ ನಾನು ಕೆಟ್ಟೆ. ಹೀಗೆಂದು ಬುತ್ತಿ ಕಟ್ಟಿದಳು. ಯಾಗಪ್ಪ ಏನೂ ಕೇಳದೆ ಬುತ್ತಿ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆದ.

ಹರಿಗೋಲಿನಲ್ಲಿ ಹೊಳೆ ದಾಟಿದರು, ಎರಡು ದಿನ ನಡೆದರು. ದೊಡ್ಡ ಗುಡಿ ನಿಜಕ್ಕೂ ದೊಡ್ಡದು. ಕಲ್ಲಿನ ಕಂಬ, ಬಣ್ಣದ ಗಾಜು, ಬೆಳ್ಳಿಯ ದೀಪ. ಇನ್ನಾಸಮ್ಮ ಯಾವುದನ್ನೂ ನೋಡದೆ ಸೀದಾ ಹೋಗಿ ಪೆಟ್ಟಿಗೆಯ ಮುಂದೆ ಕೂತಳು. ಕನ್ನಡಕದ ಸ್ವಾಮಿ ಕಂಡು, ಯಾಕೆ ಬಂದಿರಿ ಎಂದು ಯಾಗಪ್ಪನನ್ನು ಕೇಳಿದರೆ, ಅವನು ಗುರುತು ನೋಡುವುದಕ್ಕೆ ಎಂದಷ್ಟೇ ಹೇಳಿದ. ಸ್ವಾಮಿಗಳಿಗೆ ಅರ್ಥವಾಗಲಿಲ್ಲ. ಊಟಕ್ಕೆ ಹೇಳಿ ಕಳಿಸಿದರು.

ಮೊದಲ ದಿನ ಏನೂ ಇಲ್ಲ. ಹಳ್ಳಿಯ ಹೆಂಗಸು, ದೊಡ್ಡ ಗುಡಿ, ತಣ್ಣನೆಯ ಕಲ್ಲು, ಅಷ್ಟೇ. ಎರಡನೆಯ ದಿನವೂ ಏನೂ ಇಲ್ಲ. ಗೋಡೆಯಾಚೆಯ ಮಾತು ಕೂಡ ಕೇಳಲಿಲ್ಲವಂತೆ. ಮೂರನೆಯ ದಿನ ಬೆಳಿಗ್ಗೆ ಪೂಜೆಯಾಯಿತು, ಪ್ರಸಾದ ತೆಗೆದುಕೊಂಡಳು, ಕೂತಳು, ಬಿಸಿಲು ಏರಿತು, ಏನೂ ಇಲ್ಲ. ಬುತ್ತಿ ಮುಗಿದಿತ್ತು. ಇನ್ನು ಹೋಗೋಣ ಎಂದು ಯಾಗಪ್ಪ ಬಾಗಿಲಲ್ಲಿ ಬಂದು ನಿಂತ. ಇನ್ನಾಸಮ್ಮ ಎದ್ದಳು. ಎದ್ದವಳು ತಿರುಗಿ ಹೊರಡಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಸೊಂಟಕ್ಕೆ ಸೆರಗು ಬಿತ್ತೆಂದರೆ ಯಾಗಪ್ಪನಿಗೆ ಗೊತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಏನಂದ್ಕಂಡಿದ್ದೀಯ ನೀನು? ಏಳು ವರ್ಸ ಬಿಸ್ಲು ಮಳೆ ಅನ್ನದೆ ಬಂದು ಕುಂತಿಲ್ವ ನಾನು? ಹರಳು ಕುಟ್ಟಿ ಕುಟ್ಟಿ ಕೈಯೆಲ್ಲ ಬೊಬ್ಬೆ ಬಂದಿಲ್ವ? ಎಮ್ಮೆ ಸತ್ತಾಗ ಯಾರ್ ಮುಂದೆ ಅತ್ತೆ ನಾನು? ನನ್ ತಂಗಿ ಹೆರಿಗೇಲಿ ಹೋದಾಗ ಯಾರ್ ಮುಂದೆ ಎದೆ ಬಡ್ಕಂಡೆ? ಅವತ್ತೆಲ್ಲ ಪಕ್ಕದಲ್ಲೆ ಕುಂತಿದ್ದೋನು ಇವತ್ತು ದೊಡ್ ಮನೆ ಸಿಕ್ತು ಅಂತ ಒಳಕ್ಕೋಗಿ ಬಾಗ್ಲಾಕ್ಕಂಡಿದ್ದೀಯಾ? ಎರಡು ದಿನ ನಡ್ದು ಬಂದಿವ್ನಿ, ಬಾ ಅನ್ನೋಕೂ ಬಾಯಿಲ್ವ ನಿಂಗೆ? ನನ್ ಗಂಡ ಒಬ್ಬ ಸಾಲ್ದು ಅಂತ ನೀನೂ ಮೂಗನಾಗ್ಬುಟ್ಯಾ?"

ಗುಡಿ ಗುಂಯ್ ಎಂದಿತು. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಕನ್ನಡಕದ ಸ್ವಾಮಿ ಗಾಬರಿಯಿಂದ ಓಡಿ ಬಂದರು. ಬಂದು ನೋಡಿದರೆ ಇನ್ನಾಸಮ್ಮ ಬೈಯುವುದನ್ನು ನಿಲ್ಲಿಸಿದ್ದಾಳೆ. ಬಾಯಿ ತೆರೆದ ಹಾಗೇ ನಿಂತಿದ್ದಾಳೆ. ಆಮೇಲೆ ನೆಲಕ್ಕೆ ಕೂತಳು. ನಗುತ್ತಿದ್ದಾಳೆ, ಕಣ್ಣಲ್ಲಿ ನೀರು ಸುರಿಯುತ್ತಿದೆ. ಅವಳಿಗೆ ಬುದ್ಧಿ ಕೆಟ್ಟಿತು ಎಂದೇ ಸ್ವಾಮಿಗಳು ತಿಳಿದರು.

"ಇವ್ನೆ ಸಾಮಿ" ಎಂದಳು. "ಅವ್ನೆ ಇವ್ನು. ಗುರ್ತು ಸಿಕ್ತು."

ಹೇಗೆ ಸಿಕ್ಕಿತು ಎಂದು ಅವರು ಕೇಳಿದರು.

"ಗುರ್ತಿಲ್ದೋರ್ನ ಹಿಂಗೆ ಬೈತಾರಾ ಸಾಮಿ ಯಾರಾದ್ರೂವೆ?"

ಇದನ್ನು ಹೇಳುವಾಗ ನಮ್ಮ ಅಜ್ಜಿ ಯಾವಾಗಲೂ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದಳು. ನಾನೂ ನಿಲ್ಲಿಸುತ್ತೇನೆ. ಯಾಕೆಂದರೆ ಆವತ್ತು ಬದಲಾದದ್ದು ಇನ್ನಾಸಮ್ಮ ಅಲ್ಲ. ಅವಳು ಕಳೆದುಕೊಂಡದ್ದು ಅವಳಿಗೆ ಸಿಕ್ಕಿತು, ಅಷ್ಟೇ. ಕನ್ನಡಕದ ಸ್ವಾಮಿ ಮಾತ್ರ ಅವಳ ಎದುರಿಗೆ ಬರಿನೆಲದಲ್ಲಿ ಕೂತುಬಿಟ್ಟರು. ತಾಯಿ, ಈ ಗುಡಿಯ ದೀಪ ಒಂದು ದಿನವೂ ಸುಳ್ಳು ಹೇಳಿಲ್ಲ, ಒಳಗೆ ಯಾರಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತು, ದಿನಾ ನನ್ನ ಕೈಯಾರೆ ಬಾಗಿಲು ತೆಗೆದು ಹಾಕುತ್ತೇನೆ, ಆದರೆ ನನಗೂ ಅವನಿಗೂ ಇರುವುದು ಬರಿ ಕೆಲಸದ ಮಾತು ಎಂದರಂತೆ. ನನಗೆ ಅವನನ್ನು ಬೈಯುವಷ್ಟು ಪರಿಚಯ ಇಲ್ಲ ಎಂದರಂತೆ. ಅದನ್ನು ಹೇಳುವಾಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು ಎನ್ನುತ್ತಾರೆ. ಅಷ್ಟು ಓದಿದ ಮನುಷ್ಯ ಒಬ್ಬಳು ಎಣ್ಣೆ ಕಾಸುವವಳ ಮುಂದೆ ಹಾಗೆ ಹೇಳಬೇಕಾದರೆ ಅವರ ಒಳಗೆ ಎಷ್ಟು ಒಣಗಿತ್ತೋ. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಈ ಮಾತಿಗೆ ಬಂದಾಗ ಹೋಗಿಬಿಡುತ್ತದೆ.

ಇನ್ನಾಸಮ್ಮ ಅವರಿಗೆ ಉಪದೇಶ ಮಾಡಲಿಲ್ಲ. ಸೊಂಟದಿಂದ ಸೆರಗು ಬಿಚ್ಚಿ ಕಣ್ಣು ಒರೆಸಿಕೊಂಡು, "ಕುಂತ್ಕಳಿ ಸಾಮಿ, ಕುಂತ್ಕಂಡೇ ಇರಿ, ಬತ್ತಾನೆ" ಎಂದಳಂತೆ. ಇಬ್ಬರೂ ಕೂತರು. ಬಾಗಿಲಲ್ಲಿದ್ದ ಯಾಗಪ್ಪನೂ ಬಂದು ಕೂತ. ಸಂಜೆಯ ಗಂಟೆ ಹೊಡೆಯಬೇಕಾದವನು ಸ್ವಾಮಿಗಳು ಕೂತದ್ದನ್ನು ನೋಡಿ ಹೊಡೆಯಲೋ ಬೇಡವೋ ಎಂದು ಹಗ್ಗ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದನಂತೆ.

ಗಂಡಹೆಂಡತಿ ಊರಿಗೆ ಹೊರಡುವಾಗ ಸ್ವಾಮಿಗಳು, ನಿನ್ನ ದೀಪ ನೀನು ಹಚ್ಚಿಕೋ, ನಾನು ಕಂಡೂ ಕಾಣದ ಹಾಗೆ ಇರುತ್ತೇನೆ ಎಂದರು. ಇನ್ನಾಸಮ್ಮ ಬೇಡ ಎಂದಳು. ಇಲ್ಲದ್ದನ್ನು ಇದೆ ಎಂದು ಹೇಳುವ ದೀಪ ಬೇಡ, ಪಾಪ ತೋಮಪ್ಪ ಅದರಲ್ಲೇ ಅರ್ಧ ಸತ್ತ, ಪೆಟ್ಟಿಗೆ ಖಾಲಿ ಇದ್ದರೆ ಬಾಗಿಲು ತೆರೆದೇ ಇಡಿ, ಎಲ್ಲರೂ ನೋಡಲಿ, ನಾನು ಹೇಗೂ ಕೂರುವವಳೇ ಎಂದಳು. ಹಾಗೇ ಆಯಿತು. ಸ್ವಾಮಿಗಳು ನಮ್ಮೂರಿಗೆ ಬಂದು ಊರಿನವರನ್ನೆಲ್ಲಾ ಸೇರಿಸಿ ನಿಜ ಹೇಳಿದರು, ದೀಪ ಇಳಿಸಿದರು, ಪೆಟ್ಟಿಗೆ ತೆರೆದಿಟ್ಟರು. ತೋಮಪ್ಪನಿಗೆ ಪ್ರಾಯಶ್ಚಿತ್ತ ಏನು ಎಂದು ಊರು ಕುತೂಹಲದಿಂದ ಕಾದರೆ, ದಿನಾ ಮಧ್ಯಾಹ್ನ ಇನ್ನಾಸಮ್ಮನ ಹಿಂದೆ ಹೋಗಿ ಕೂರು ಎಂದರು. ಮೊದಮೊದಲು ತೆರೆದ ಪೆಟ್ಟಿಗೆಯ ಮುಂದೆ ಆ ಇಬ್ಬರೇ. ಆಮೇಲೆ ಯಾಗಪ್ಪ. ಆಮೇಲೆ ಎಣ್ಣೆ ಒತ್ತಿಸಿಕೊಂಡ ಕೂಸುಗಳ ತಾಯಂದಿರು. ಸ್ವಾಮಿಗಳು ನಮ್ಮೂರಿಗೆ ಬಂದಾಗಲೆಲ್ಲ ಪೆಟ್ಟಿಗೆ ತುಂಬಿದ ಮೇಲೂ ಕೂರುತ್ತಿದ್ದರು, ಖಾಲಿಯಾದ ಮೇಲೂ ಒಂದು ಗಳಿಗೆ ಕೂತೇ ಹೊರಡುತ್ತಿದ್ದರು.

ಇನ್ನಾಸಮ್ಮ ತೀರಿಕೊಂಡದ್ದು ಮಳೆಗಾಲದಲ್ಲಿ. ಹೊಳೆ ತುಂಬಿ ಹರಿಗೋಲು ನಿಂತಿತ್ತು. ಕೊನೆಯ ಪ್ರಸಾದ ಇಲ್ಲದೆ ಸಾಯುವುದು ಎಂದರೆ ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಭಯ ಇಲ್ಲ. ತೋಮಪ್ಪ ಮುದುಕನಾಗಿದ್ದ, ಆದರೂ ಹೊಳೆಯ ದಡಕ್ಕೆ ಓಡಿ ಆಚೆಯವರಿಗೆ ಕೂಗಿ ಹೇಳಿದ. ಸ್ವಾಮಿಗಳು ಪ್ರಸಾದ ಹಿಡಿದುಕೊಂಡು ಆಚೆ ದಡದಲ್ಲಿ ಎರಡು ದಿನ ಮಳೆಯಲ್ಲಿ ನಿಂತಿದ್ದರು. ದಾಟಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಅವಳೇನಾದರೂ ಹೆದರಿದಳೇ, ಅವರು ಮೊದಲು ಕೇಳಿದ್ದು ಅದನ್ನೇ. ಇಲ್ಲ ಸ್ವಾಮಿ ಎಂದ ಯಾಗಪ್ಪ. ಕೊನೆಯ ತನಕ ಪಕ್ಕಕ್ಕೆ ತಿರುಗಿಕೊಂಡು ಯಾರನ್ನೋ ಗದರುತ್ತಿದ್ದಳು, ನನ್ನನ್ನಲ್ಲ ಎಂದ. ಸ್ವಾಮಿಗಳು ಆ ಹಸಿ ಮಣ್ಣಿನ ಪಕ್ಕದಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತರಂತೆ.

ಈಗ ನಮ್ಮೂರಿಗೆ ಸ್ವಾಮಿಗಳಿದ್ದಾರೆ, ದೀಪ ಸದಾ ಉರಿಯುತ್ತದೆ. ವರ್ಷಕ್ಕೆ ಒಂದು ಸಲ ಮಾತ್ರ, ಶುಭ ಶುಕ್ರವಾರ ಕಳೆದ ಮೇಲೆ, ಯೇಸುಸ್ವಾಮಿ ಸತ್ತು ಎದ್ದು ಬಂದ ಪಾಸ್ಕ ಹಬ್ಬದ ಹಿಂದಿನ ಶನಿವಾರ, ಎಲ್ಲ ಗುಡಿಗಳ ಹಾಗೆ ನಮ್ಮ ಗುಡಿಯಲ್ಲೂ ಪೆಟ್ಟಿಗೆ ಖಾಲಿ, ದೀಪ ಇಲ್ಲ. ಬೇರೆ ಊರುಗಳಲ್ಲಿ ಆವತ್ತು ಗುಡಿ ಬಿಕೋ ಎನ್ನುತ್ತದೆ, ಜನ ಮನೆಯಲ್ಲಿ ಹಬ್ಬದ ಹಿಟ್ಟು ಕುಟ್ಟುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಬೆಳಗಿನಿಂದ ಸಂಜೆಯ ತನಕ ಮನೆಗೆ ಒಬ್ಬರಂತೆ ಸರದಿಯಲ್ಲಿ ಹೋಗಿ ಆ ತೆರೆದ ಪೆಟ್ಟಿಗೆಯ ಮುಂದೆ ಕೂರುತ್ತೇವೆ. ಜಪಸರ ಒಯ್ಯುವಂತಿಲ್ಲ, ಪುಸ್ತಕ ಒಯ್ಯುವಂತಿಲ್ಲ. ಕೊನೆಯ ಸರದಿ ಸ್ವಾಮಿಗಳದು. ಯಾರು ಸ್ವಾಮಿಗಳಾಗಿ ಬಂದರೂ ಅದು ತಪ್ಪಿಲ್ಲ.

ಹೋದ ವರ್ಷ ನಿಮಗೆ ನೆನಪಿದೆ. ಮೇಲಿನ ಬೀದಿಗೆ ಸೊಸೆಯಾಗಿ ಬಂದ ರೀತಮ್ಮ, ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮೂರು ವರ್ಷದ ಮಗುವನ್ನು ಮಣ್ಣಿಗಿಟ್ಟವಳು. ಅಂದಿನಿಂದ ಒಂದು ಮಾತು ಆಡಿರಲಿಲ್ಲ, ಅತ್ತಿರಲಿಲ್ಲ. ಅವಳ ಸರದಿ ಸ್ವಾಮಿಗಳದಕ್ಕಿಂತ ಮುಂಚಿನದು. ಬೇರೆ ಊರಿನ ಹುಡುಗಿ, ಒಳಗೆ ಹೋಗಿ ಏನು ಮಾಡಬೇಕು ತಾತ ಎಂದು ಕೈಸನ್ನೆಯಲ್ಲೇ ನನ್ನನ್ನು ಕೇಳಿದಳು. ಸುಮ್ಮನೆ ಕೂತುಕೋ ಮಗ ಎಂದೆ. ಹೋದಳು. ಆಮೇಲೆ ಒಳಗಿನಿಂದ ಒಂದು ದನಿ ಎದ್ದಿತು ನೋಡಿ, ಮೆಟ್ಟಿಲ ಮೇಲೆ ಕೂತಿದ್ದ ನಾವೆಲ್ಲ ತಲೆ ತಗ್ಗಿಸಿದೆವು. ದೇವರಿಗೆ ಅಂಥ ಬೈಗುಳ ನಾನು ಹುಟ್ಟಿದ ಮೇಲೆ ಕೇಳಿಲ್ಲ. ಅವಳ ಹೊತ್ತು ಮುಗಿಯಿತು. ಬಿಸಿಲು ಇಳಿಯಿತು, ರಾತ್ರಿಯ ಪೂಜೆಗೆ ಬೆಂಕಿ ಸಿದ್ಧ ಮಾಡುವವರು ಬಂದು ನಿಂತರು. ಸ್ವಾಮಿಗಳು ತಮ್ಮ ಸರದಿಗೆ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತರು. ಹೊತ್ತಾಯಿತು, ನಾನು ಹೋಗಿ ಕರೆಯಲೇ ಎಂದು ಕೇಳಿದೆ.

"ಬೇಡ ತಾತ" ಎಂದರು. "ಅವರಿಬ್ಬರೂ ಮಾತಾಡಿ ಮುಗಿಸಲಿ."